ನವೆಗೊಂದು ಲೆಕ್ಕದ ಪುಸ್ತಕ

ನಾಯಿ ಸಾಕಿದ ಮನೆಯವರಿಗೆಲ್ಲ ಈ ಶಬ್ದ ಗೊತ್ತು. ರಾತ್ರಿ ದೀಪ ಆರಿಸಿ ಮಲಗಿದ ಮೇಲೆ ಜಗಲಿಯ ಕಡೆಯಿಂದ ಟಪ್ ಟಪ್ ಟಪ್ ಎಂದು ಹಿಂಗಾಲು ನೆಲಕ್ಕೆ ಬಡಿಯುತ್ತದೆ. ಕೊರಳ ಪಟ್ಟಿಯ ಬಿಲ್ಲೆ ಕಿಣಿಕಿಣಿ ಎನ್ನುತ್ತದೆ. ಸ್ವಲ್ಪ ಹೊತ್ತು ನಿಶ್ಶಬ್ದ, ಮತ್ತೆ ಟಪ್ ಟಪ್. ದಿನಕ್ಕೆ ನಾಲ್ಕಾರು ಸಲ ಕೆರೆದುಕೊಳ್ಳುವುದು ನಾಯಿಯ ಹಕ್ಕು. ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ ಊಟ ಬಿಟ್ಟು, ಆಟ ಬಿಟ್ಟು, ನಿದ್ದೆಯಿಂದೆದ್ದು ಕೆರೆದುಕೊಳ್ಳತೊಡಗಿದರೆ, ಅಂಗಾಲನ್ನು ನೆಕ್ಕಿ ನೆಕ್ಕಿ ಬಿಳಿಗೂದಲು ಕಂದು ಬಣ್ಣಕ್ಕೆ ತಿರುಗಿದರೆ, ಕಿವಿ ಕೊಡವಿ ಕೊಡವಿ ಬಿಸಿಯಾದರೆ, ಅದಕ್ಕೆ ನಿಜವಾಗಿ ಕಷ್ಟವಾಗಿದೆ ಎಂದರ್ಥ.

ಈ ಕಷ್ಟಕ್ಕೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಸಿದ್ಧವಾಗಿರುವ ಹೆಸರು 'ಅಲರ್ಜಿ'. ಪಕ್ಕದ ಮನೆಯವರು ಅದನ್ನೇ ಹೇಳುತ್ತಾರೆ, ಔಷಧಿ ಅಂಗಡಿಯವರೂ ಅದನ್ನೇ ಹೇಳುತ್ತಾರೆ, ಬೆಳಗಿನ ವಾಕಿಂಗ್ ಗೆಳೆಯರಂತೂ ಹೇಳದೆ ಬಿಡುವುದೇ ಇಲ್ಲ. ನಾನು 36 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಕಂಪ್ಯೂಟರ್ ಬರುವುದಕ್ಕೆ ಮುಂಚೆ, ಸಂಜೆ ಲೆಕ್ಕ ಟ್ಯಾಲಿ ಆಗದಿದ್ದಾಗ, ಎಷ್ಟು ಹುಡುಕಿದರೂ ಸಿಕ್ಕದ ವ್ಯತ್ಯಾಸವನ್ನು ತಾತ್ಕಾಲಿಕವಾಗಿ 'ಸಸ್ಪೆನ್ಸ್ ಅಕೌಂಟ್' ಎಂಬ ಖಾತೆಗೆ ಹಾಕುತ್ತಿದ್ದೆವು. ಮಕ್ಕಳಿಗೆ ಅರ್ಥವಾಗುವಂತೆ ಹೇಳುವುದಾದರೆ, ಯಾವ ಡಬ್ಬಿಗೆ ಸೇರಬೇಕೋ ಗೊತ್ತಿಲ್ಲದ ಸಾಮಾನುಗಳನ್ನೆಲ್ಲ ಅಮ್ಮ ಒಂದು ಡಬ್ಬಿಗೆ ಹಾಕಿಡುತ್ತಾರಲ್ಲ, ಹಾಗೆ. ಒಳ್ಳೆಯ ಮ್ಯಾನೇಜರುಗಳು ಆಗ ಕೇಳುತ್ತಿದ್ದ ಪ್ರಶ್ನೆ ಒಂದೇ: "ಹುಡುಕಿ ಸಿಗದೆ ಹಾಕಿದಿರೋ, ಹುಡುಕದೆಯೇ ಹಾಕಿದಿರೋ?" ನಾಯಿಯ ಮೈನವೆಯ ವಿಷಯದಲ್ಲಿ ಅಲರ್ಜಿ ಎನ್ನುವುದು ಇಂಥ ಖಾತೆ. ಅದು ನಿಜವಾಗಿಯೂ ಇದೆ. ಆದರೆ ಉಳಿದದ್ದನ್ನೆಲ್ಲ ಹುಡುಕಿ, ಒಂದೊಂದಾಗಿ ಹೊಡೆದುಹಾಕಿದ ಮೇಲೆ ಮಾತ್ರ ಅಲ್ಲಿಗೆ ಬರಬೇಕು.

ನಮ್ಮ ಗುಂಡನ ಕಥೆ ಹೇಳಿದರೆ ಇದು ಸುಲಭವಾಗುತ್ತದೆ. ನಮ್ಮ ಮನೆ ಶಿವಮೊಗ್ಗದಲ್ಲಿ. ಗುಂಡ ನಮ್ಮ ಬಡಾವಣೆಯಲ್ಲೇ ಹುಟ್ಟಿದ ಊರ ನಾಯಿ, ಬೆಲ್ಲದ ಬಣ್ಣ, ಕಾಲು ಮಾತ್ರ ಬಿಳಿ. ಈಗ ನಾಲ್ಕು ವರ್ಷ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಅವನ ಬೆನ್ನಿನ ಹಿಂಭಾಗ, ಬಾಲದ ಬುಡ, ತೊಡೆಗಳಲ್ಲಿ ಕೂದಲು ಉದುರಿ ಚರ್ಮ ಕೆಂಪಗೆ ಕಾಣತೊಡಗಿತು. ಅದೇ ಸಮಯಕ್ಕೆ ಆರನೇ ತರಗತಿ ಓದುವ ಮೊಮ್ಮಗಳ ಕಾಲಿನ ಮಣಿಗಂಟಿನ ಸುತ್ತ ಕೆಂಪು ಗುಳ್ಳೆಗಳೆದ್ದವು. ಸೊಸೆಗೆ ಗಾಬರಿ. ತಾಯಿಗೆ ಆಗದೆ ಇರುತ್ತದೆಯೆ? ನಾಯಿಯ ಕಜ್ಜಿ ಮಗುವಿಗೆ ಅಂಟಿತು ಎಂದು ಯಾರೋ ಹೇಳಿದರು. ಊರಾಚೆ ಪರಿಚಯದವರ ತೋಟವೊಂದಿದೆ, ಅಲ್ಲಿಗೆ ಗುಂಡನನ್ನು ಬಿಟ್ಟುಬರುವುದೆಂದು ಮಗ ದಿನವನ್ನೂ ಗೊತ್ತುಮಾಡಿದ. ಮೊಮ್ಮಗಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಇದು ನಮ್ಮೊಂದು ಮನೆಯ ಕಥೆಯಲ್ಲ. ನೀವೂ ಗಮನಿಸಿರುತ್ತೀರಿ. ಬಸ್ ಸ್ಟ್ಯಾಂಡ್ ಹತ್ತಿರ, ದೇವಸ್ಥಾನದ ಹಿಂದೆ, ಕೊರಳಲ್ಲಿ ಬೆಲ್ಟ್ ಇದ್ದೂ ಮೈಮೇಲೆ ಕೂದಲಿಲ್ಲದ ನಾಯಿಗಳು ಅಲೆಯುತ್ತಿರುತ್ತವೆ. ಅವು ಬೀದಿಯಲ್ಲಿ ಹುಟ್ಟಿದವಲ್ಲ. ಒಂದು ಕಾಲದಲ್ಲಿ ಯಾರದೋ ಮನೆಯ ಸೋಫಾದ ಮೇಲೆ ಮಲಗಿದ್ದಂಥವು. ಅವುಗಳಲ್ಲಿ ಎಷ್ಟೋ ನಾಯಿಗಳ ಕಾಯಿಲೆ ಕೆಲವು ತಿಂಗಳಲ್ಲಿ ವಾಸಿಯಾಗುವಂಥದು.

"ತೋಟಕ್ಕೆ ಕಳಿಸುವ ಮುಂಚೆ ಒಂದು ಸಲ ಸರಿಯಾಗಿ ತೋರಿಸೋಣ" ಎಂದೆ. ಭಾನುವಾರ ಬಿಡಬೇಕೆಂದಿದ್ದವರು ಶುಕ್ರವಾರ ಪಶುವೈದ್ಯೆಯ ಬಳಿ ಹೋದೆವು. ಅವರು ಗುಂಡನನ್ನು ಮುಟ್ಟುವ ಮೊದಲು ಪ್ರಶ್ನೆ ಕೇಳಿದರು. ಯಾವಾಗಿನಿಂದ? ಮೊದಲು ಮೈಯ ಯಾವ ಭಾಗದಲ್ಲಿ ಶುರುವಾಯಿತು? ವರ್ಷವಿಡೀ ಇದೆಯೋ, ಮಳೆಗಾಲಕ್ಕೆ ಮಾತ್ರವೋ? ಏನು ತಿನ್ನುತ್ತಾನೆ, ಎಲ್ಲಿ ಮಲಗುತ್ತಾನೆ? ಮನೆಯಲ್ಲಿ ಬೇರೆ ಪ್ರಾಣಿ ಇದೆಯೆ? ನಿಮ್ಮಲ್ಲಿ ಯಾರಿಗಾದರೂ ನವೆ ಇದೆಯೆ? ಮಗ "ಒಂದು ತಿಂಗಳಿಂದ" ಎಂದ. ನನ್ನಾಕೆ "ಗೌರಿ ಹಬ್ಬದ ಮುಂಚಿನಿಂದಲೂ ಇದೆ" ಎಂದಳು. ಸೊಸೆಗೆ ಮೂರು ತಿಂಗಳ ನೆನಪು. ವೈದ್ಯೆ ನಕ್ಕು, "ಒಂದು ನೋಟ್ ಪುಸ್ತಕ ಇಡಿ" ಎಂದರು. ನನಗೆ ಸಂತೋಷವಾಯಿತು. ಪುಸ್ತಕ ಇಡುವುದು ಬಿಟ್ಟು ನನಗೆ ಬೇರೇನು ಬರುತ್ತದೆ?

200 ಪುಟದ ನೋಟ್ ಪುಸ್ತಕಕ್ಕೆ ನಾನು ಗೆರೆ ಎಳೆದುಕೊಟ್ಟೆ, ಬರೆದವಳು ಮೊಮ್ಮಗಳು. ತಾರೀಖು, ಮೈಯ ಯಾವ ಭಾಗ, ಏನು ತಿಂದ, ಎಲ್ಲೆಲ್ಲಿ ಹೋದ, ಸ್ನಾನ ಮತ್ತು ಔಷಧಿ, ಬಿಸಿಲೋ ಮಳೆಯೋ. ಇದರ ಜೊತೆಗೆ ಒಂದು ಅಂಕ. ಪಶುವೈದ್ಯರೂ ಬಳಸುವ ಪದ್ಧತಿ ಇದು. ಸೊನ್ನೆ ಎಂದರೆ ಮಾಮೂಲಿ ನಾಯಿಯಷ್ಟೇ ಕೆರೆತ. ಹತ್ತು ಎಂದರೆ ಊಟಕ್ಕೆ ಕರೆದರೂ, ಆಟಕ್ಕೆ ಕರೆದರೂ ಕೆರೆತ ನಿಲ್ಲದು. ಮೊದಲ ದಿನ ಗುಂಡನಿಗೆ ಬಂದ ಅಂಕ ಎಂಟು. ಶಾಲೆಯಲ್ಲಿ ಎಂಟು ಬಂದರೆ ಸಂತೋಷ, ಇಲ್ಲಿ ಮಾತ್ರ ಅಳು ಎಂದು ಮೊಮ್ಮಗಳು ಹೇಳಿದಳು.

ಮೈಯ ಯಾವ ಭಾಗ ಎನ್ನುವುದು ಎಷ್ಟು ದೊಡ್ಡ ಸುಳಿವು ಎಂಬುದು ನನಗೆ ತಿಳಿದದ್ದು ಆಮೇಲೆ. ಬಾಲದ ಬುಡ, ಬೆನ್ನಿನ ಕೆಳಭಾಗ, ಹಿಂದೊಡೆ ಎಂದರೆ ಮೊದಲ ಸಂಶಯ ಚಿಗಟದ ಮೇಲೆ. ಕಿವಿಯ ಅಂಚು, ಮೊಣಕೈ, ಹಿಂಗಾಲಿನ ಕೀಲು ಎಂದರೆ ಕಜ್ಜಿಯ ನುಸಿ ಇರಬಹುದು. ಅಂಗಾಲು, ಕಂಕುಳು, ಹೊಟ್ಟೆ, ಮುಖ, ಕಿವಿಯ ಒಳಗೆ ಎಂದರೆ ಅಲರ್ಜಿಯ ಕಡೆ ನೋಡಬೇಕು. ಇದು ಕಲ್ಲಿನ ಮೇಲೆ ಕೆತ್ತಿದ ನಿಯಮವಲ್ಲ, ಒಂದೇ ನಾಯಿಗೆ ಎರಡು ಮೂರು ಕಾರಣ ಒಟ್ಟಿಗೆ ಇರಬಹುದು. ಆದರೂ ಹುಡುಕಲು ಎಲ್ಲಿಂದ ಹೊರಡಬೇಕು ಎಂಬುದನ್ನು ಇದು ತೋರಿಸುತ್ತದೆ.

ಗುಂಡನ ಗುರುತುಗಳೆಲ್ಲ ಬಾಲದ ಬುಡದಲ್ಲಿದ್ದವು. "ಚಿಗಟ ಇದೆ" ಎಂದರು ವೈದ್ಯೆ. "ಒಂದೂ ಕಂಡಿಲ್ಲವಲ್ಲ" ಎಂದಳು ಸೊಸೆ. ಆಗ ಅವರು ಮಾಡಿ ತೋರಿಸಿದ ಪರೀಕ್ಷೆಯನ್ನು ಯಾವ ಮಗುವೂ ಮನೆಯಲ್ಲಿ ಮಾಡಬಹುದು. ಒಂದು ಬಿಳಿ ಕಾಗದವನ್ನು ನೀರಲ್ಲಿ ಒದ್ದೆ ಮಾಡಿ ನೆಲದ ಮೇಲೆ ಹಾಸಿ. ನಾಯಿಯನ್ನು ಅದರ ಮೇಲೆ ನಿಲ್ಲಿಸಿ, ಹೇನಿನ ಬಾಚಣಿಗೆಯಂಥ ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಲದ ಬುಡದಲ್ಲಿ ಬಾಚಿ. ಕರಿಯ ಪುಡಿ ಉದುರುತ್ತದೆ. ಬರೀ ಮಣ್ಣಾದರೆ ಒದ್ದೆ ಕಾಗದದ ಮೇಲೂ ಅದು ಮಣ್ಣಾಗಿಯೇ ಇರುತ್ತದೆ. ಚಿಗಟದ ಹಿಕ್ಕೆಯಾದರೆ ಸುತ್ತ ಕೆಂಪು ಕಂದು ಬಣ್ಣ ಹರಡುತ್ತದೆ. ಚಿಗಟ ಕುಡಿದು ಜೀರ್ಣಿಸಿದ ನಾಯಿಯ ರಕ್ತ ಅದು. ಗುಂಡನ ಕಾಗದದ ಮೇಲೆ ಏಳೆಂಟು ಕೆಂಪು ಚುಕ್ಕೆ ಮೂಡಿದವು. ಮೊಮ್ಮಗಳ ಕಾಲಿನ ಗುಳ್ಳೆಗಳೂ ಚಿಗಟ ಕಚ್ಚಿದ ಗುರುತೇ ಎಂದು ಅವಳನ್ನು ನೋಡಿದ ಚರ್ಮದ ಡಾಕ್ಟರು ಖಚಿತಪಡಿಸಿದರು. ನೆಲದಿಂದ ಹಾರುವ ಚಿಗಟಕ್ಕೆ ಮನುಷ್ಯರಲ್ಲಿ ಸುಲಭವಾಗಿ ಸಿಗುವುದು ಪಾದ, ಮಣಿಗಂಟುಗಳೇ. ತೋಟದ ಮಾತು ಅಲ್ಲಿಗೆ ನಿಂತಿತು.

ಚಿಗಟ ಕಾಣದಿರುವುದಕ್ಕೆ ಕಾರಣವಿದೆ. ಅದು ಎರಡು ಮೂರು ಮಿಲಿಮೀಟರ್ ಉದ್ದದ, ಪಕ್ಕದಿಂದ ಅದುಮಿದಂತೆ ಚಪ್ಪಟೆಯಾದ ಜೀವಿ. ಕೂದಲ ನಡುವೆ ನುಸುಳಲು ಹೇಳಿ ಮಾಡಿಸಿದ ಮೈ. ತನ್ನ ಮೈಯುದ್ದದ ನೂರು ಪಟ್ಟು ದೂರ ಅದು ನೆಗೆಯಬಲ್ಲದು. ಮೊಮ್ಮಗಳು ತನ್ನ ಎತ್ತರಕ್ಕೆ ಲೆಕ್ಕ ಹಾಕಿ, ಅಷ್ಟು ನೆಗೆಯುವ ಹಾಗಿದ್ದರೆ ಮನೆಯ ಬಾಗಿಲಿಂದ ಒಂದೇ ನೆಗೆತಕ್ಕೆ ಶಾಲೆಯ ಗೇಟು ಮುಟ್ಟುತ್ತಿದ್ದೆ ಎಂದಳು. ಚಿಗಟದ ಎಂಜಲಿಗೆ ಅಲರ್ಜಿ ಇರುವ ನಾಯಿಗೆ ಒಂದೆರಡು ಕಡಿತವೇ ಸಾಕು, ದಿನಗಟ್ಟಲೆ ಕೆರೆದುಕೊಳ್ಳುತ್ತದೆ. ಕೆರೆಯುವಾಗ, ನೆಕ್ಕುವಾಗ ಚಿಗಟವನ್ನೇ ನುಂಗಿಬಿಡುತ್ತದೆ. ಆದ್ದರಿಂದ ಸಾಕ್ಷಿ ಸಿಗುವುದಿಲ್ಲ. ಹೀಗೆ ನುಂಗಿದ ಚಿಗಟದಿಂದ ಲಾಡಿಹುಳು ಬೇರೆ ಹೊಟ್ಟೆ ಸೇರುತ್ತದೆ. ಹಾಗಾಗಿ ಚಿಗಟದ ಔಷಧಿಯ ಜೊತೆ ಜಂತುಹುಳುವಿನ ಔಷಧಿಯನ್ನೂ ಕೊಡುವುದು ರೂಢಿ.

ಇನ್ನು ಮುಖ್ಯವಾದ ಲೆಕ್ಕ. ನಾಯಿಯ ಮೈಮೇಲಿರುವ ಚಿಗಟ ಒಟ್ಟು ಆಸ್ತಿಯಲ್ಲಿ ನೂರಕ್ಕೆ ಸುಮಾರು ಐದು ಪಾಲು ಮಾತ್ರ. ಉಳಿದ 95 ಪಾಲು ಮೊಟ್ಟೆ, ಮರಿಹುಳು, ಗೂಡುಗಳ ರೂಪದಲ್ಲಿ ನೆಲದ ಸಂದಿನಲ್ಲಿ, ಗೋಣಿಚೀಲದಲ್ಲಿ, ಚಾಪೆಯಲ್ಲಿ, ಸೋಫಾದ ಅಡಿಯಲ್ಲಿ ಇರುತ್ತದೆ. ಒಂದು ಹೆಣ್ಣು ಚಿಗಟ ದಿನಕ್ಕೆ 40ರಷ್ಟು ಮೊಟ್ಟೆ ಇಡಬಲ್ಲದು. ಗೂಡಿನೊಳಗಿನ ಚಿಗಟ ತಿಂಗಳುಗಟ್ಟಲೆ ಕಾಯುತ್ತಾ ಕೂತು, ಹೆಜ್ಜೆಯ ಅದುರು, ಮೈಯ ಕಾವು ತಗಲಿದೊಡನೆ ಹೊರಗೆ ಹಾರುತ್ತದೆ. ಬೇಸಿಗೆ ರಜೆ ಮುಗಿಸಿ ಬೀಗ ತೆಗೆದವರ ಕಾಲಿಗೆ ಖಾಲಿ ಮನೆಯಲ್ಲಿ ಚಿಗಟ ಮುತ್ತುವುದು ಇದರಿಂದಲೇ. ನಾಯಿಗೆ ಮಾತ್ರ ಔಷಧಿ ಹಾಕಿ, ಒಂದು ತಿಂಗಳಿಗೆ ನಿಲ್ಲಿಸಿ, "ಔಷಧಿ ಕೆಲಸ ಮಾಡಲಿಲ್ಲ" ಎನ್ನುವವರು ಬಡ್ಡಿ ಕಟ್ಟಿ ಅಸಲು ಬಿಟ್ಟವರು. ಕನಿಷ್ಠ ಮೂರು ತಿಂಗಳು ಬಿಡದೆ ನಡೆಸಬೇಕು. ಹಾಸಿಗೆಯನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಬೇಕು, ಮೂಲೆ ಮೂಲೆ ಗುಡಿಸಬೇಕು, ಮನೆಯ ಎಲ್ಲ ನಾಯಿ ಬೆಕ್ಕುಗಳಿಗೂ ಔಷಧಿಯಾಗಬೇಕು.

ಎರಡನೇ ವಾರದಲ್ಲಿ ನಮ್ಮ ಪುಸ್ತಕ ಒಂದು ಗುಟ್ಟು ಹೇಳಿತು. ಅಂಕ ಹೆಚ್ಚಿದ ದಿನಗಳ ಎದುರಿಗೆಲ್ಲ 'ಎಲ್ಲಿ ಹೋದ' ಎಂಬ ಕಾಲಮ್ಮಿನಲ್ಲಿ 'ಹಿತ್ತಲ ಸೌದೆ ಕೊಟ್ಟಿಗೆ' ಎಂದಿತ್ತು. ಯಾರದೋ ಬೆಕ್ಕು ಅಲ್ಲಿನ ಹಳೆಯ ಗೋಣಿಚೀಲಗಳ ಮೇಲೆ ಮರಿ ಹಾಕಿ, ಅವು ದೊಡ್ಡವಾದ ಮೇಲೆ ಹೊರಟುಹೋಗಿತ್ತು. ಚೀಲಗಳನ್ನು ಸುಟ್ಟೆವು. ಅಂಕ ಎಂಟರಿಂದ ಆರಕ್ಕೆ ಇಳಿಯಿತು.

ಬೆಕ್ಕಿನ ಮಾತು ಬಂದಿದ್ದರಿಂದ ಒಂದು ಎಚ್ಚರಿಕೆ. ನಾಯಿಯ ಚಿಗಟದ ಔಷಧಿಗಳಲ್ಲಿ ಕೆಲವದರಲ್ಲಿ ಪರ್ಮೆತ್ರಿನ್ ಎಂಬ ವಸ್ತು ಇರುತ್ತದೆ. ನಾಯಿಗೆ ಅದು ಔಷಧಿ, ಬೆಕ್ಕಿಗೆ ವಿಷ, ಜೀವವೇ ಹೋಗಬಹುದು. ಎರಡೂ ಇರುವ ಮನೆಯವರು ವೈದ್ಯರಿಗೆ ಅದನ್ನು ಮೊದಲೇ ಹೇಳಬೇಕು.

ಉಣುಗಿನ ವಿಷಯ ಮಲೆನಾಡಿನವರಿಗೆ ನಾನು ಹೇಳಬೇಕಾದ್ದಿಲ್ಲ. ನಮ್ಮ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣುಗಿನಿಂದ ಹರಡುವಂಥದು. ಆ ಕಾಡಿನ ಉಣುಗು ಬೇರೆ, ಊರ ನಾಯಿಯ ಕಿವಿಯಲ್ಲಿ ದ್ರಾಕ್ಷಿಯಂತೆ ಉಬ್ಬಿ ಕೂರುವ ಕಂದು ಉಣುಗು ಬೇರೆ. ನಾಯಿಯ ಉಣುಗು ನಾಯಿಗೆ ತರುವ ಜ್ವರವೂ ಸಣ್ಣದಲ್ಲ. ಊಟ ಬಿಡುವುದು, ಮಂಕಾಗುವುದು, ಮೂಗಿನಲ್ಲಿ ರಕ್ತ ಕಂಡರೆ ತಡಮಾಡಬಾರದು. ಉಣುಗನ್ನು ಚಿಮುಟದಿಂದ ಚರ್ಮಕ್ಕೆ ತೀರಾ ಹತ್ತಿರ ಹಿಡಿದು ನೇರವಾಗಿ, ನಿಧಾನವಾಗಿ ಎಳೆಯಬೇಕು. ಸೀಮೆಎಣ್ಣೆ ಹಚ್ಚುವುದು, ಊದಿನಕಡ್ಡಿಯಿಂದ ಸುಡುವುದು, ಬರಿಗೈಯಲ್ಲಿ ಹಿಸುಕುವುದು ಬೇಡ.

ಮುಂದಿನದು ನುಸಿ. ವೈದ್ಯೆ ಗುಂಡನ ಚರ್ಮವನ್ನು ಬ್ಲೇಡಿನಿಂದ ಮೆಲ್ಲಗೆ ಹೆರೆದು ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಎರಡು ಜಾತಿಯ ನುಸಿಗಳಿಗಾಗಿ ಹುಡುಕುತ್ತಾರಂತೆ. ಒಂದು ಉದ್ದನೆಯದು, ಕೂದಲ ಬೇರಿನಲ್ಲಿ ವಾಸ. ಇದು ಎಲ್ಲ ನಾಯಿಗಳಲ್ಲೂ ಅಷ್ಟಿಷ್ಟು ಇರುತ್ತದೆ, ಮೈಯ ಶಕ್ತಿ ಕುಂದಿದಾಗ, ಮುಖ್ಯವಾಗಿ ಮರಿಗಳಲ್ಲಿ, ಲೆಕ್ಕ ಮೀರಿ ಬೆಳೆಯುತ್ತದೆ. ಇದು ನಮಗೆ ಅಂಟುವುದಿಲ್ಲ. ಇನ್ನೊಂದು ದುಂಡನೆಯದು, ಚರ್ಮದಲ್ಲಿ ಸುರಂಗ ಕೊರೆಯುತ್ತದೆ, ಭಯಂಕರ ನವೆ. ಒಂದು ನಾಯಿಯಿಂದ ಇನ್ನೊಂದಕ್ಕೆ ಬಹಳ ಬೇಗ ಅಂಟುತ್ತದೆ, ಎತ್ತಿಕೊಂಡವರಿಗೂ ಕೆಲವು ದಿನ ತುರಿಕೆ ತರುತ್ತದೆ. ಇದಿದ್ದ ನಾಯಿಯ ಕಿವಿಯಂಚನ್ನು ಬೆರಳಲ್ಲಿ ತಿಕ್ಕಿದರೆ ಎಷ್ಟೋ ಸಲ ಹಿಂಗಾಲು ತಾನೇ ತಾನಾಗಿ ಕೆರೆಯತೊಡಗುತ್ತದೆ. ಗುಂಡನಲ್ಲಿ ಎರಡೂ ಸಿಗಲಿಲ್ಲ. ಪುಸ್ತಕದಲ್ಲಿ ಒಂದು ಗೆರೆ ಹೊಡೆದೆವು.

ಈ ಕಜ್ಜಿಗೆ ನಮ್ಮ ಕಡೆ ಮಾಡುವ ಉಪಚಾರಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಗ್ಯಾರೇಜಿನಿಂದ ಸುಟ್ಟ ಇಂಜಿನ್ ಆಯಿಲ್ ತಂದು ಮೈಗೆಲ್ಲ ಬಳಿಯುತ್ತಾರೆ! ನಾಯಿ ಅದನ್ನು ನೆಕ್ಕುತ್ತದೆ, ಅದು ಹೊಟ್ಟೆಗೆ, ಚರ್ಮದ ಮೂಲಕ ರಕ್ತಕ್ಕೆ ಹೋಗುತ್ತದೆ. ಹೊಗೆಸೊಪ್ಪಿನ ನೀರೂ ಹಾಗೆಯೇ, ಅದರಲ್ಲಿರುವ ನಿಕೋಟಿನ್ ವಿಷ. ಬೇವಿನ ಸೊಪ್ಪು ಕುದಿಸಿ ಆರಿಸಿದ ನೀರಿಗೆ ನನ್ನಾಕೆಯ ಮತ ಇದೆ. ಅದರಿಂದ ತೊಳೆದರೆ ತಂಪು ಎನಿಸಬಹುದು, ವೈದ್ಯೆ ಬೇಡವೆನ್ನಲಿಲ್ಲ. ಆದರೆ ನೆಲದಲ್ಲಿರುವ ಆ 95 ಪಾಲಿಗೆ ಅದು ಏನೂ ಮಾಡದು.

ದನಕರುಗಳಿಗೆ ಕೊಡುವ ಐವರ್‌ಮೆಕ್ಟಿನ್ ಇಂಜೆಕ್ಷನ್ನನ್ನು ತಾವೇ ತಂದು ನಾಯಿಗೆ ಚುಚ್ಚಿಸುವವರೂ ಇದ್ದಾರೆ. ಐವರ್‌ಮೆಕ್ಟಿನ್ ದೊಡ್ಡ ಔಷಧಿ. ಜಪಾನಿನ ಸತೋಶಿ ಒಮುರಾ ಅಲ್ಲಿನ ಗಾಲ್ಫ್ ಮೈದಾನದ ಹತ್ತಿರದ ಮಣ್ಣಿನಿಂದ ತೆಗೆದ ಒಂದು ಸೂಕ್ಷ್ಮಜೀವಿಯಿಂದ ಅದು ಬಂತು. ಅವರಿಗೂ ವಿಲಿಯಂ ಕ್ಯಾಂಪ್‌ಬೆಲ್ ಅವರಿಗೂ 2015ರಲ್ಲಿ ಅದಕ್ಕಾಗಿ ನೊಬೆಲ್ ಬಹುಮಾನದಲ್ಲಿ ಪಾಲು ಸಿಕ್ಕಿತು. ಆದರೆ ಕೋಲಿಯಂಥ ಕುರಿಕಾಯುವ ತಳಿಗಳ ಎಷ್ಟೋ ನಾಯಿಗಳಲ್ಲಿ ಒಂದು ವಂಶವಾಹಿಯ ದೋಷವಿದ್ದು, ಹೆಚ್ಚು ಪ್ರಮಾಣದ ಈ ಔಷಧಿ ಮಿದುಳಿಗೆ ಹೊಕ್ಕು ಪ್ರಾಣಕ್ಕೆ ಎರವಾಗುತ್ತದೆ. ದನದ ಲೆಕ್ಕ ಬೇರೆ, ನಾಯಿಯ ಲೆಕ್ಕ ಬೇರೆ.

ಮೂರನೆಯದು ಸೋಂಕು. ಕೆರೆದು ಕೆರೆದು ಒಡೆದ ಚರ್ಮದಲ್ಲಿ ಬ್ಯಾಕ್ಟೀರಿಯಾ, ಯೀಸ್ಟ್ ಎಂಬ ಶಿಲೀಂಧ್ರ ಬೆಳೆಯುತ್ತವೆ. ಅವು ಮತ್ತಷ್ಟು ನವೆ ತರುತ್ತವೆ. ಸಾಲ ತೀರಿಸಲು ಸಾಲ ಮಾಡಿದ ಹಾಗೆ ಇದು. ಹುಳಿ ಹಿಡಿದಂಥ ವಾಸನೆ, ಜಿಡ್ಡು ಚರ್ಮ, ಕಿವಿಯಲ್ಲಿ ಕಂದು ಗುಗ್ಗೆ, ಹೊಟ್ಟೆಯ ಮೇಲೆ ಕೀವುಗುಳ್ಳೆ ಇದರ ಗುರುತು. ಗುಂಡನ ಕಾಲ್ಬೆರಳ ಸಂದಿನಲ್ಲಿ ಯೀಸ್ಟ್ ಇತ್ತು. ನಮ್ಮ ಮಳೆಗಾಲದಲ್ಲಿ ನಾಯಿಯ ಕಾಲು ಒಣಗುವುದೇ ಇಲ್ಲವಲ್ಲ! ವಾರಕ್ಕೆ ಎರಡು ಸಲ ಔಷಧಿಯ ಶಾಂಪೂ ಹಾಕಿ, ನೊರೆಯನ್ನು ಹತ್ತು ನಿಮಿಷ ಹಾಗೇ ಬಿಟ್ಟು ತೊಳೆಯಬೇಕೆಂದರು. ಆ ಹತ್ತು ನಿಮಿಷ ಗುಂಡನನ್ನು ಹಿಡಿದುಕೊಳ್ಳುವ ಕೆಲಸ ಮಗನದು. ತೋಟಕ್ಕೆ ಬಿಡಲು ಹೊರಟಿದ್ದವನು ಅವನ ಮುಂದೆ ಕೂತು ಮೊಬೈಲಿನಲ್ಲಿ ಹಾಡು ಹಾಕುತ್ತಿದ್ದ.

ಸೋಪಿನ ವಿಷಯ ಅಜ್ಜಿಯಂದಿರಿಗೆ ಹೇಳಬೇಕು. ನಮ್ಮ ಚರ್ಮದ ಮೇಲ್ಪದರದಲ್ಲಿ ಜೀವಕೋಶಗಳ ಹತ್ತು ಹದಿನೈದು ಸಾಲುಗಳಿದ್ದರೆ ನಾಯಿಯದರಲ್ಲಿ ಮೂರರಿಂದ ಐದು ಸಾಲು. ನಮ್ಮ ಚರ್ಮ ಸ್ವಲ್ಪ ಆಮ್ಲೀಯ, ನಾಯಿಯದು ತಟಸ್ಥಕ್ಕೆ ಹತ್ತಿರ. ಆದ್ದರಿಂದ ನಮ್ಮ ಮೈಸೋಪು ಅದಕ್ಕೆ ಹೊಂದುವುದಿಲ್ಲ, ಬಟ್ಟೆ ಸೋಪಂತೂ ಬೇಡವೇ ಬೇಡ.

ಔಷಧಿ ಅಂಗಡಿಯೊಂದರಲ್ಲಿ ಮಗನಿಗೆ ಮನುಷ್ಯರ ಮುಲಾಮಿನ ಒಂದು ಟ್ಯೂಬ್ ಕೊಟ್ಟಿದ್ದರು. ವೈದ್ಯೆ ಅದನ್ನು ನೋಡಿ ಪಕ್ಕಕ್ಕಿಟ್ಟರು. ಅದರಲ್ಲಿದ್ದದ್ದು ಜೋರಾದ ಸ್ಟೀರಾಯ್ಡ್. ನಾಯಿ ಹಚ್ಚಿದ್ದನ್ನೆಲ್ಲ ನೆಕ್ಕುತ್ತದೆ, ಆದ್ದರಿಂದ ಮುಲಾಮು ಎಂದರೆ ನುಂಗುವ ಔಷಧಿಯೇ. ಸ್ಟೀರಾಯ್ಡ್ ಕೆಟ್ಟದ್ದಲ್ಲ, ವೈದ್ಯರೇ ಅಳತೆಯಲ್ಲಿ ಕೊಡುತ್ತಾರೆ. ಆದರೆ ಕಾರಣ ತಿಳಿಯದೆ ಕೊಟ್ಟರೆ ನವೆ ಮುಚ್ಚಿಹೋಗುತ್ತದೆ, ಕಾರಣ ಒಳಗೇ ಬೆಳೆಯುತ್ತದೆ. ಬಾಯಾರಿಕೆ, ಹಸಿವು, ಪದೇ ಪದೇ ಮೂತ್ರ ಅದರ ಅಡ್ಡ ಪರಿಣಾಮ. ಮನುಷ್ಯರ ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ಗಳನ್ನಂತೂ 'ನೋವಿರಬೇಕು ಪಾಪ' ಎಂದು ಯಾರೂ ಕೊಡಬಾರದು.

ಎರಡೂವರೆ ತಿಂಗಳಾಯಿತು. ಚಿಗಟ ಹೋಯಿತು, ಯೀಸ್ಟ್ ಹೋಯಿತು, ಬಾಲದ ಬುಡದಲ್ಲಿ ಹೊಸ ಕೂದಲು ಬಂತು. ಅಂಕ ನಾಲ್ಕಕ್ಕೆ ಇಳಿದು ಅಲ್ಲಿಯೇ ನಿಂತಿತು. ಮೂರು ವಾರ ನಾಲ್ಕು, ನಾಲ್ಕು, ನಾಲ್ಕು. ಅಂಗಾಲು ನೆಕ್ಕುವುದು, ಕಿವಿ ಕೊಡವುವುದು ಮಾತ್ರ ಬಿಡಲಿಲ್ಲ. ಈ ಸಿಗದ ವ್ಯತ್ಯಾಸಕ್ಕೆ ಈಗ ಅಲರ್ಜಿ ಎನ್ನಬಹುದಿತ್ತು.

ಅಲರ್ಜಿ ಎಂಬ ಪದ 1906ಕ್ಕಿಂತ ಮುಂಚೆ ಇರಲಿಲ್ಲ. ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ 'ಬೇರೆ' ಮತ್ತು 'ಕೆಲಸ' ಎಂಬ ಅರ್ಥದ ಎರಡು ಗ್ರೀಕ್ ಪದ ಸೇರಿಸಿ ಅದನ್ನು ಕಟ್ಟಿದರು. ಮೈಯನ್ನು ಕಾಯುವ ಸೈನ್ಯ ಶತ್ರುವಲ್ಲದವರ ಮೇಲೆ ಕತ್ತಿ ಎತ್ತುವುದೇ ಅಲರ್ಜಿ. ನಮಗೆ ಸೀನು, ನೆಗಡಿಯಾಗಿ ಬರುವುದು ನಾಯಿಗೆ ಹೆಚ್ಚಾಗಿ ಚರ್ಮದ ನವೆಯಾಗಿ ಬರುತ್ತದೆ. ಚಿಗಟದ್ದನ್ನು ಬಿಟ್ಟರೆ ಮುಖ್ಯವಾಗಿ ಎರಡು ಬಗೆ: ತಿನ್ನುವುದರಿಂದ ಬರುವುದು, ಸುತ್ತಲಿನಿಂದ ಬರುವುದು.

ತಿನ್ನುವುದು ಎಂದೊಡನೆ ಜನ ಹೊಸ ತಿಂಡಿಯನ್ನು ದೂರುತ್ತಾರೆ. ನಿಜದಲ್ಲಿ ನಾಯಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ತಿಂದ ಪದಾರ್ಥಕ್ಕೇ ಅಲರ್ಜಿ ಬೆಳೆಯಬಹುದು. ದನದ ಮಾಂಸ, ಹಾಲು ಮೊಸರು, ಕೋಳಿ, ಗೋಧಿ ಹೆಚ್ಚಾಗಿ ಸಿಕ್ಕಿಬೀಳುವ ಆರೋಪಿಗಳು. ರಕ್ತ ಪರೀಕ್ಷೆಯಿಂದ ಇದನ್ನು ನಂಬುವಂತೆ ಹೇಳಲಾಗುವುದಿಲ್ಲ. ಇರುವ ದಾರಿ ಒಂದೇ. ನಾಯಿ ಹಿಂದೆಂದೂ ತಿನ್ನದ ಒಂದು ಪ್ರೋಟೀನು, ಒಂದು ಪಿಷ್ಟ ಪದಾರ್ಥ, ಇವೆರಡನ್ನೇ ಎಂಟು ವಾರ ಕೊಡುವುದು. ಬೇರೆ ಒಂದು ಚೂರೂ ಇಲ್ಲ.

ನಮ್ಮದು ಸಸ್ಯಾಹಾರಿಗಳ ಮನೆ. ಗುಂಡ ಇಷ್ಟು ದಿನ ತಿಂದದ್ದು ಹಾಲನ್ನ, ಮೊಸರನ್ನ, ಚಪಾತಿ, ಬ್ರೆಡ್, ಅಂಗಡಿಯ ಕೋಳಿ ಬೆರೆಸಿದ ಒಣ ಆಹಾರ, ಬಿಸ್ಕತ್ತು. ವೈದ್ಯೆ ಹೇಳಿದ್ದು ಮೀನು ಮತ್ತು ಗೆಣಸು! ನನ್ನಾಕೆಯ ಮುಖ ನೋಡಬೇಕಿತ್ತು. ಅಡುಗೆಮನೆಗೆ ಮೀನು ಬರುವ ಪ್ರಶ್ನೆಯೇ ಇಲ್ಲ. ಕೊನೆಗೆ ಅವಳೇ ದಾರಿ ಹುಡುಕಿದಳು. ಹಿತ್ತಲಲ್ಲಿ ಬಚ್ಚಲ ಹಂಡೆಯ ಹಳೆಯ ಒಲೆ ಇದೆ, ಅಲ್ಲಿ ಬೇರೆ ಪಾತ್ರೆಯಲ್ಲಿ ಬೇಯಿಸುವುದು. ಎದುರು ಮನೆಯ ಮಂಗಳೂರು ಕಡೆಯ ಅಮ್ಮ ಮೀನನ್ನು ಮುಳ್ಳು ಬಿಡಿಸಿ ಬೇಯಿಸಿ ಕೊಡುತ್ತೇನೆಂದರು. ಉಪ್ಪಿಲ್ಲ, ಖಾರವಿಲ್ಲ, ಈರುಳ್ಳಿಯಂತೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿ ನಾಯಿಯ ರಕ್ತಕ್ಕೆ ವಿಷ. ಗುಂಡನ ಮಟ್ಟಿಗೆ ಇದು ದಿನಾ ಹಬ್ಬ. ಸಂಜೆ ಐದಕ್ಕೆ ಎದುರು ಮನೆಯ ಗೇಟಿನ ಕಡೆ ಮುಖ ಮಾಡಿ ಕೂರುತ್ತಾನೆ.

ಎಂಟು ವಾರದಲ್ಲಿ ಕಷ್ಟಪಡುವುದು ನಾಯಿಯಲ್ಲ, ಮನೆಯವರು. ಅಜ್ಜ ಅಜ್ಜಿಯರೇ, ನಮ್ಮ ಮೇಲೆಯೇ ಎಲ್ಲರಿಗೂ ಸಂಶಯ, ಅದು ಸುಳ್ಳೂ ಅಲ್ಲ. ಕಾಫಿಯ ಜೊತೆ ಒಂದು ಬಿಸ್ಕತ್ತು ತಿನ್ನುವಾಗ ಎರಡು ಕಣ್ಣು ನಮ್ಮನ್ನೇ ನೋಡುತ್ತಿದ್ದರೆ ಕೈ ತಾನೇ ಮುಂದೆ ಹೋಗುತ್ತದೆ. ಮೊಮ್ಮಗಳು ಊಟದ ಮೇಜಿನ ಮೇಲೆ 'ಗುಂಡನಿಗೆ ಕೊಡಬೇಡಿ' ಎಂದು ಚೀಟಿ ಅಂಟಿಸಿದಳು. ಕೆಲಸಕ್ಕೆ ಬರುವ ಹೆಂಗಸಿಗೂ, ಹಾಲಿನ ಹುಡುಗನಿಗೂ ಹೇಳಿಟ್ಟಳು. ಮಾಂಸದ ರುಚಿ ಬೆರೆಸಿದ ಚಿಗಟದ ಮಾತ್ರೆಯೂ ಈ ಅವಧಿಯಲ್ಲಿ ಸಲ್ಲದೆಂದು ವೈದ್ಯೆ ಕುತ್ತಿಗೆಯ ಮೇಲೆ ಹಾಕುವ ಹನಿಗೆ ಬದಲಾಯಿಸಿದರು. ಇಷ್ಟು ಸೂಕ್ಷ್ಮ ಇದು.

ಆಹಾರ ಬದಲಿಸಿಯೂ ಅಂಕ ಇಳಿಯದಿದ್ದರೆ, ಸುತ್ತಲಿನ ವಸ್ತುಗಳ ಸರದಿ: ಮನೆಯ ದೂಳಿನ ನುಸಿ, ಬೂಸ್ಟು, ಹುಲ್ಲಿನ ಮತ್ತು ಕಳೆಗಿಡಗಳ ಪರಾಗ. ರಸ್ತೆಬದಿಯ ಪಾರ್ಥೇನಿಯಂ, ನಾವೆಲ್ಲ ಕಾಂಗ್ರೆಸ್ ಗಿಡ ಎನ್ನುವುದು, ಮನುಷ್ಯರ ಚರ್ಮಕ್ಕೇ ಎಷ್ಟು ತೊಂದರೆ ಕೊಡುತ್ತದೆಂದು ಗೊತ್ತಲ್ಲ. ನಾಯಿಯ ಮೂಗು ಹೊಟ್ಟೆಗಳು ಆ ಗಿಡದ ಎತ್ತರದಲ್ಲೇ ಓಡಾಡುತ್ತವೆ. ಈ ಬಗೆಯ ಅಲರ್ಜಿ ಸಾಮಾನ್ಯವಾಗಿ ಆರು ತಿಂಗಳಿಂದ ಮೂರು ವರ್ಷದೊಳಗೆ ಶುರುವಾಗುತ್ತದೆ. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಪಗ್, ಬುಲ್‌ಡಾಗ್‌ಗಳಲ್ಲಿ ಹೆಚ್ಚು, ಊರ ನಾಯಿಗೆ ಬರುವುದೇ ಇಲ್ಲ ಎನ್ನುವಂತಿಲ್ಲ. ಇದು ಪೂರ್ತಿ ವಾಸಿಯಾಗುವುದು ಅಪರೂಪ, ಸಕ್ಕರೆ ಕಾಯಿಲೆಯಂತೆ ನಿಭಾಯಿಸಬೇಕು. ತಿರುಗಾಡಿ ಬಂದ ಮೇಲೆ ಒದ್ದೆ ಬಟ್ಟೆಯಿಂದ ಕಾಲು, ಹೊಟ್ಟೆ ಒರೆಸಿ ಒಣಗಿಸುವುದು ಖರ್ಚಿಲ್ಲದ ಉಪಾಯ. ನವೆಯನ್ನಷ್ಟೇ ತಡೆಯುವ ಹೊಸ ಮಾತ್ರೆ, ಇಂಜೆಕ್ಷನ್‌ಗಳು ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಬಂದಿವೆ. ಅಗ್ಗವಲ್ಲ. ಯಾವುದಕ್ಕೆ ಅಲರ್ಜಿಯೋ ಅದನ್ನೇ ಅತಿ ಸಣ್ಣ ಪ್ರಮಾಣದಲ್ಲಿ ಕೊಡುತ್ತಾ ಮೈಗೆ ಒಗ್ಗಿಸುವ ಚಿಕಿತ್ಸೆಯೂ ಇದೆ. ರಕ್ತದ, ಚರ್ಮದ ಅಲರ್ಜಿ ಪರೀಕ್ಷೆಗಳು ಬೇಕಾಗುವುದು ಆಗ, ಮೊದಲ ದಿನವೇ ಅಲ್ಲ.

ಮಕ್ಕಳೇ, ನಿಮಗೊಂದು ಮಾತು. ಬೀದಿಯಲ್ಲಿ ಮೈ ಕೆಟ್ಟ ನಾಯಿ ಕಂಡು ಮರುಕ ಬಂದರೂ ಮುಟ್ಟಬೇಡಿ. ನೋವಿನಲ್ಲಿರುವ ನಾಯಿ ಕಚ್ಚಬಹುದು. ಕಚ್ಚಿದರೆ, ಪರಚಿದರೆ, ಬೈಯುತ್ತಾರೆಂದು ಮುಚ್ಚಿಡದೆ ದೊಡ್ಡವರಿಗೆ ತಕ್ಷಣ ಹೇಳಿ. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಆ ನಾಯಿಯ ವಿಷಯವನ್ನು ಪಶು ಆಸ್ಪತ್ರೆಗೋ ಊರಿನ ಪ್ರಾಣಿದಯಾ ಸಂಘಕ್ಕೋ ದೊಡ್ಡವರಿಂದ ಹೇಳಿಸಿ. ಕಜ್ಜಿ ಹಿಡಿದ ನಾಯಿ ಎರಡು ಮೂರು ತಿಂಗಳ ಔಷಧಿಯಿಂದ ಗುರುತೇ ಸಿಗದಷ್ಟು ಚೆನ್ನಾಗುವುದನ್ನು ನಾನು ಕಂಡಿದ್ದೇನೆ.

ಇದನ್ನು ಬರೆಯುವಾಗ ಗುಂಡನ ಮೀನು ಗೆಣಸಿನ ಏಳನೇ ವಾರ. ನಾಲ್ಕನೇ ವಾರದವರೆಗೆ ಅಂಕ ಅಲ್ಲಾಡಲಿಲ್ಲ. ಐದರಲ್ಲಿ ಮೂರು, ಕಳೆದ ಗುರುವಾರದಿಂದ ಎರಡು. ಇಷ್ಟಕ್ಕೇ ಊಟದ್ದೇ ತಪ್ಪು ಎಂದು ಬರೆಯುವಂತಿಲ್ಲ. ಚಳಿಗಾಲ ಬಂದು ಹುಲ್ಲು ಒಣಗಿದ್ದಕ್ಕೂ ಇಳಿದಿರಬಹುದು. ಅದಕ್ಕೆ ಎಂಟು ವಾರ ಮುಗಿದ ಮೇಲೆ ಹಳೆಯ ಊಟವನ್ನೇ ಮತ್ತೆ ಕೊಟ್ಟು ಎರಡು ವಾರ ನೋಡಬೇಕು. ಅಂಕ ಏರಿದರೆ ಆ ದಿನವೇ ನಿಲ್ಲಿಸಿ, ಮೀನಿಗೆ ಮರಳಿ, ಆಮೇಲೆ ಹಾಲು, ಗೋಧಿ, ಕೋಳಿ ಎಂದು ಒಂದೊಂದನ್ನೇ ಬೇರೆ ಬೇರೆಯಾಗಿ ಕೊಟ್ಟು ಕಳ್ಳ ಯಾರೆಂದು ಹಿಡಿಯಬೇಕು. ಮೊಮ್ಮಗಳು ಪುಸ್ತಕದಲ್ಲಿ ಅದಕ್ಕಾಗಿ ಈಗಲೇ ಮೂರು ಪುಟಕ್ಕೆ ಗೆರೆ ಎಳೆದಿದ್ದಾಳೆ. ಹಾಲೇ ಕಳ್ಳ ಎಂದು ಅವಳ ವಾದ. ನನ್ನಾಕೆಗೆ ಬಿಸ್ಕತ್ತಿನ ಮೇಲೆ ಗುಮಾನಿ. ಮುಂದಿನ ಸೋಮವಾರದಿಂದ ಮೊಸರನ್ನ ಶುರು, ಎದುರು ಮನೆಯ ಅಮ್ಮನಿಗೆ ಎರಡು ವಾರ ರಜೆ.